ಒಂದು ರೂಪಾಯಿಯ ಗರಡಿಮನೆ

ಕಳೆದ ದಸರಾ ರಜೆಗೆ ಬೆಂಗಳೂರಿನಿಂದ ಬಂದಿದ್ದ ಮೊಮ್ಮಗ ಚಿಕ್ಕಬಳ್ಳಾಪುರದ ನಮ್ಮ ಮನೆಯ ಹಜಾರದಲ್ಲಿ ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡು, ಕೈಯಲ್ಲೊಂದು ಪುಟ್ಟ ಕಂಟ್ರೋಲರ್ ಹಿಡಿದು, ಉಸಿರು ಬಿಗಿಹಿಡಿದು ಕುಳಿತಿದ್ದ. ತೆರೆಯ ಮೇಲೆ ಇಬ್ಬರು ಜಟ್ಟಿಗಳು ಕಾದಾಡುತ್ತಿದ್ದರು. ಸ್ವಲ್ಪ ಹೊತ್ತಿನಲ್ಲಿ ಒಬ್ಬ ಉರುಳಿಬಿದ್ದ. ಮೊಮ್ಮಗ ತಲೆಯ ಮೇಲೆ ಕೈಹೊತ್ತು, "ಅಯ್ಯೋ, ಮತ್ತೆ ಸೋತೆ ತಾತ" ಎಂದ.

"ಕಂಪ್ಯೂಟರಿನ ಎದುರು ಸೋತದ್ದಕ್ಕೆ ಅಷ್ಟೊಂದು ದುಃಖವೇನೋ?" ಎಂದೆ.

"ಕಂಪ್ಯೂಟರ್ ಅಲ್ಲ ತಾತ, ಮೈಸೂರಿನ ಭಾವ."

ಮೈಸೂರಿನ ಭಾವನೆಂದರೆ ನನ್ನ ಮಗಳ ಮಗ. ಅವನ ಮನೆಯಲ್ಲಿರುವುದು ಟೀವಿಗೆ ಜೋಡಿಸಿ ಆಡುವ ಪ್ಲೇಸ್ಟೇಷನ್. ಇವನದು ಓದಿಗೆಂದು ಕೊಡಿಸಿದ ಲ್ಯಾಪ್‌ಟಾಪ್. ಎರಡನ್ನೂ ತಯಾರಿಸಿದ ಕಂಪನಿಗಳು ಬೇರೆ, ಬೆಲೆ ಬೇರೆ, ಹಿಡಿಯುವ ಸಾಧನವೂ ಬೇರೆ. ಆದರೂ ಇನ್ನೂರು ಕಿಲೋಮೀಟರು ದೂರದ ಇಬ್ಬರು ಹುಡುಗರು ಒಂದೇ ಅಖಾಡದಲ್ಲಿ ನಿಂತಿದ್ದರು. ಇದಕ್ಕೆ 'ಕ್ರಾಸ್‌ಪ್ಲೇ' ಎನ್ನುತ್ತಾರೆಂದು ಮೊಮ್ಮಗ ನನಗೆ ಪಾಠ ಮಾಡಿದ. ಮೂವತ್ತನಾಲ್ಕು ವರ್ಷ ಪಾಠ ಮಾಡಿದವನಿಗೆ ಪಾಠ ಕೇಳುವುದೂ ಒಂದು ಸುಖವೇ. ಆದರೆ ಅವನು ವಿವರಿಸುತ್ತಿದ್ದಂತೆ ನನ್ನ ಮನಸ್ಸು ಎಲ್ಲೋ ಹೋಗಿಬಿಟ್ಟಿತು. ಮೂವತ್ತು ವರ್ಷಗಳ ಹಿಂದೆ ಇಂಥದೇ ಆಟದ ಮುಂದೆ ನಿಂತಿದ್ದ ಒಬ್ಬ ಹುಡುಗ, ನಾನು ಹಿಂಡಿದ ಅವನ ಕಿವಿ ನೆನಪಿಗೆ ಬಂದವು. ಈ ಲೇಖನ ಬರೆಯಲು ಆ ಕಿವಿಯೇ ಕಾರಣ.

ಬಿ.ಇಡಿ. ಮುಗಿಸಿ ಗಣಿತ ಮತ್ತು ವಿಜ್ಞಾನದ ಮೇಷ್ಟ್ರಾಗಿ ಸೇರಿದ ನಾನು ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ಹೀಗೆ ನಾಲ್ಕೂ ತಾಲ್ಲೂಕುಗಳಲ್ಲಿ ವರ್ಗವಾಗುತ್ತಾ ಕೆಲಸ ಮಾಡಿದವನು. ಆಗ ಇವೆಲ್ಲ ಕೋಲಾರ ಜಿಲ್ಲೆಗೆ ಸೇರಿದ್ದವು. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ. ತೊಂಬತ್ತರ ದಶಕದ ಮಧ್ಯಭಾಗದಲ್ಲಿ ನಮ್ಮ ಊರುಗಳ ಬಸ್ ನಿಲ್ದಾಣ ಮತ್ತು ಟಾಕೀಸುಗಳ ಆಸುಪಾಸಿನಲ್ಲಿ ಹೊಸದೊಂದು ಅಂಗಡಿ ಕಾಣಿಸಿಕೊಂಡಿತು. ಬಾಗಿಲಿಗೆ ದಪ್ಪನೆಯ ಪರದೆ, ಒಳಗೆ ಮಬ್ಬುಗತ್ತಲೆ, ಬೀರುವಿನಂಥ ಮೂರು ನಾಲ್ಕು ಮರದ ಪೆಟ್ಟಿಗೆಗಳು, ಅದರೊಳಗೊಂದು ಟೀವಿ. ಒಂದು ರೂಪಾಯಿಯ ನಾಣ್ಯ ಹಾಕಿದರೆ ಆಟ. ಜನ ಅದನ್ನು ವಿಡಿಯೋ ಗೇಮ್ ಅಂಗಡಿ ಎಂದರು. ನಾವು ಮೇಷ್ಟ್ರುಗಳು ಹುಡುಗರು ಹಾಳಾಗುವ ಜಾಗ ಎಂದೆವು.

ಅಲ್ಲಿ ಆಡುತ್ತಿದ್ದ ಆಟಗಳಲ್ಲಿ ಎರಡು ಜಾತಿ. ಮೊದಲನೆಯದರಲ್ಲಿ ಆಟಗಾರರೆಲ್ಲ ಒಂದು ಪಕ್ಷ, ಯಂತ್ರ ಕಳುಹಿಸುವ ಪುಂಡರ ದಂಡು ಇನ್ನೊಂದು ಪಕ್ಷ. 1993ರಲ್ಲಿ ಬಂದ 'ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್' ಎಂಬ ಆಟ ಈ ಜಾತಿಗೆ ಸೇರಿದ್ದು. ಅದರ ನಿಜವಾದ ಹೆಸರು ನಮ್ಮ ಹುಡುಗರಿಗೆ ಬೇಕಿರಲಿಲ್ಲ. ಅದರಲ್ಲಿದ್ದ ಒಬ್ಬ ವೀರನ ಹೆಸರು ಹಿಡಿದು 'ಮುಸ್ತಫಾ' ಎಂದೇ ಕರೆಯುತ್ತಿದ್ದರು. ಎರಡನೆಯ ಜಾತಿಯೇ ಕಾಳಗದ ಆಟ. ಇದರಲ್ಲಿ ಇಬ್ಬರು ಮನುಷ್ಯರು ಪಕ್ಕಪಕ್ಕದಲ್ಲಿ ನಿಂತು, ತಲಾ ಒಬ್ಬ ಜಟ್ಟಿಯನ್ನು ಆರಿಸಿಕೊಂಡು, ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಯಂತ್ರ ಕೇವಲ ಅಖಾಡ, ಎದುರಾಳಿ ಪಕ್ಕದಲ್ಲಿ ಬೆವರುತ್ತಾ ನಿಂತಿರುವ ಹುಡುಗ.

ಈ ಜಾತಿಗೆ ಮೂಲಪುರುಷನೆಂದರೆ ಜಪಾನಿನ ಕ್ಯಾಪ್‌ಕಾಮ್ ಕಂಪನಿ 1991ರಲ್ಲಿ ಹೊರತಂದ 'ಸ್ಟ್ರೀಟ್ ಫೈಟರ್ 2'. ಎಂಟು ದಿಕ್ಕಿಗೆ ತಿರುಗುವ ಒಂದು ಹಿಡಿ, ಆರು ಗುಂಡಿಗಳು: ಗುದ್ದಿಗೆ ಮೂರು, ಒದೆತಕ್ಕೆ ಮೂರು. ಅದರಲ್ಲಿ ನಮ್ಮ ದೇಶದವನೂ ಒಬ್ಬನಿದ್ದ. ಧಾಲ್ಸಿಮ್ ಎಂಬ ಯೋಗಿ. ಕೊರಳಲ್ಲಿ ತಲೆಬುರುಡೆಗಳನ್ನು ಕಟ್ಟಿಕೊಂಡು, ಕೈಕಾಲುಗಳನ್ನು ಹಗ್ಗದಂತೆ ಚಾಚಿ ಹೊಡೆದು, ಬಾಯಿಂದ ಬೆಂಕಿ ಉಗುಳುವ ಯೋಗಿ! ಯೋಗಾಭ್ಯಾಸದಿಂದ ಇಂಥ ಫಲವೂ ಉಂಟೆಂದು ನಮಗೆ ತಿಳಿದಿರಲಿಲ್ಲ. ಆಮೇಲೆ ಎಸ್.ಎನ್.ಕೆ. ಕಂಪನಿಯ 'ಕಿಂಗ್ ಆಫ್ ಫೈಟರ್ಸ್ 97' ಬಂತು. ಅದರಲ್ಲಿ ಮೂವರ ತಂಡ ಕಟ್ಟಿ ಒಬ್ಬೊಬ್ಬರನ್ನಾಗಿ ಕಣಕ್ಕಿಳಿಸಬೇಕು.

ಇಷ್ಟೆಲ್ಲ ನನಗೆ ಆಗ ತಿಳಿದಿರಲಿಲ್ಲ. ಆಗ ತಿಳಿದಿದ್ದದ್ದು ಒಂದೇ: ಶಾಲೆ ತಪ್ಪಿಸಿದ ಹುಡುಗರು ಅಲ್ಲಿರುತ್ತಾರೆ. ಸರದಿಯ ಮೇಲೆ ಒಬ್ಬೊಬ್ಬ ಮೇಷ್ಟ್ರು ಮಧ್ಯಾಹ್ನ ಸೈಕಲ್ ಹತ್ತಿ ಆ ಅಂಗಡಿಗಳನ್ನು ಸುತ್ತಿಬರುವುದು ನಾವು ನಾವೇ ಮಾಡಿಕೊಂಡ ಏರ್ಪಾಡು. ನಾಲ್ಕು ಊರುಗಳಲ್ಲಿ ಇದು ನಡೆದದ್ದು ಯಾವ ಊರಿನಲ್ಲಿ ಎಂಬುದನ್ನು ಬೇಕೆಂದೇ ಹೇಳುತ್ತಿಲ್ಲ. 1994-95ನೇ ಸಾಲು. ನನ್ನ ಸರದಿಯ ದಿನ ಪರದೆ ಸರಿಸಿ ಒಳಗೆ ಹೋದೆ. ಹತ್ತು ಹದಿನೈದು ಜನ ಒಂದು ಪೆಟ್ಟಿಗೆಯನ್ನು ಮುತ್ತಿಕೊಂಡಿದ್ದರು. ಮಧ್ಯದಲ್ಲಿ ಒಂಬತ್ತನೆಯ ತರಗತಿಯ ನಮ್ಮ ಹುಡುಗ.

ಅವನ ತಂದೆ ರೇಷ್ಮೆ ನೂಲು ಬಿಚ್ಚುವವರು. ಬೆಳಗಿನ ಜಾವ ಎದ್ದು ಚರಕದ ಮುಂದೆ ಕುಳಿತು, ಬಿಸಿನೀರಿನಲ್ಲಿ ಬೆಂದ ಗೂಡುಗಳಿಂದ ಎಳೆಯ ತುದಿ ಹುಡುಕಿ ತೆಗೆದುಕೊಟ್ಟು ಆಮೇಲೆ ಶಾಲೆಗೆ ಬರುತ್ತಿದ್ದವನು. ಅವನ ಬೆರಳ ತುದಿಗಳು ಯಾವಾಗಲೂ ನೀರಲ್ಲಿ ನೆನೆದು ಸುಕ್ಕುಗಟ್ಟಿರುತ್ತಿದ್ದವು. ಬರೆವಣಿಗೆ ಕೆಟ್ಟದಾಗಿತ್ತು. ಅದಕ್ಕಾಗಿಯೂ ನನ್ನಿಂದ ಬೈಸಿಕೊಂಡಿದ್ದ. ಆದರೆ ಆ ದಿನ ಆ ಪೆಟ್ಟಿಗೆಯ ಮೇಲೆ ಅವನ ಬೆರಳುಗಳು ಓಡುತ್ತಿದ್ದದ್ದನ್ನು ನಾನು ಒಂದು ಕ್ಷಣ ನೋಡಿದೆ. ಸುತ್ತ ನಿಂತವರು, ತನಗಿಂತ ದೊಡ್ಡವರು, ಅವನ ಹೆಸರು ಕೂಗುತ್ತಿದ್ದರು. ನಾನು ಒಂದೇ ಕ್ಷಣ ನೋಡಿದೆ, ಆಮೇಲೆ ಕಿವಿ ಹಿಡಿದು ಎಲ್ಲರ ಎದುರೇ ಹೊರಗೆಳೆದುಕೊಂಡು ಬಂದೆ.

ಅದಾದ ಕೆಲವೇ ದಿನಗಳಲ್ಲಿ ಅವನು ಶಾಲೆಗೆ ಬರುವುದನ್ನು ನಿಲ್ಲಿಸಿದ. ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆ ಎಳೆದೆವು. ಆಮೇಲೆ ನಾನು ಮಾಡಿದ ಕೆಲಸವನ್ನು ಕೇಳಿ. ಮುಂದಿನ ಹತ್ತು ವರ್ಷ, ನಾಲ್ಕೂ ಊರುಗಳಲ್ಲಿ, ಪ್ರಾರ್ಥನೆಯ ವೇಳೆ ಹಿತವಚನ ಹೇಳುವ ಸರದಿ ಬಂದಾಗಲೆಲ್ಲ ಆ ಹುಡುಗನನ್ನು ಉದಾಹರಣೆಯಾಗಿ ಬಳಸಿದೆ. "ಒಬ್ಬ ಹುಡುಗನಿದ್ದ. ವಿಡಿಯೋ ಗೇಮಿನ ಚಟಕ್ಕೆ ಬಿದ್ದು ಶಾಲೆ ಬಿಟ್ಟ." ಹೆಸರು ಹೇಳುತ್ತಿರಲಿಲ್ಲ, ಅಷ್ಟು ಮಾತ್ರ ಪುಣ್ಯ.

ಈಗ ಮೂಲ ವಿಷಯಕ್ಕೆ ಬರುತ್ತೇನೆ. ಒಂದೇ ಆಟ ಬೇರೆ ಬೇರೆ ಯಂತ್ರಗಳ ಮೇಲೆ ಆಡಿದಾಗ ಏನಾಗುತ್ತದೆ? ನಮ್ಮ ಸೀಮೆಯವರಿಗೆ ಇದು ಹೊಸ ಪ್ರಶ್ನೆಯಲ್ಲ. ಭೀಮ-ದುರ್ಯೋಧನರ ಗದಾಯುದ್ಧವನ್ನು ನಾವು ತೊಗಲುಗೊಂಬೆಯಲ್ಲಿ ನೋಡಿದ್ದೇವೆ, ಹರಿಕಥೆಯಲ್ಲಿ ಕೇಳಿದ್ದೇವೆ, ಬೇಸಿಗೆಯಲ್ಲಿ ಊರೂರಲ್ಲಿ ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ ಆಡುವ ಕುರುಕ್ಷೇತ್ರ ನಾಟಕದಲ್ಲಿ ನೋಡಿದ್ದೇವೆ, ಕೊನೆಗೆ 1988ರಿಂದ ಭಾನುವಾರದ ಬೆಳಿಗ್ಗೆ ದೂರದರ್ಶನದಲ್ಲಿಯೂ ನೋಡಿದೆವು. ಕಾಳಗ ಒಂದೇ, ವೇದಿಕೆ ಬೇರೆ. ಗೊಂಬೆಯ ಭೀಮ ಹಾರಬಲ್ಲ, ನಾಟಕದ ಭೀಮ ಕಂದಪದ್ಯ ಹಾಡದೆ ಹೊಡೆಯಲಾರ. ವೇದಿಕೆ ಬದಲಾದರೆ ಪಾತ್ರಧಾರಿಯ ಕೈಕಾಲುಗಳ ನಡೆಯೇ ಬದಲಾಗುತ್ತದೆ. ಕಾಳಗದ ವಿಡಿಯೋ ಆಟಗಳಿಗೂ ಹೀಗೆಯೇ ಆಯಿತು.

ಅಂಗಡಿಯ ಪೆಟ್ಟಿಗೆಯಿಂದ ಆಟ ಮನೆಗೆ ಬಂದಾಗ ಮೊದಲು ಪೆಟ್ಟು ಬಿದ್ದದ್ದು ಬೆರಳುಗಳಿಗೆ. ವಿದೇಶಗಳಲ್ಲಿ 'ಸ್ಟ್ರೀಟ್ ಫೈಟರ್ 2' ಆಟ 1992ರಲ್ಲಿ ಸೂಪರ್ ನಿಂಟೆಂಡೊ ಯಂತ್ರಕ್ಕೂ 1993ರಲ್ಲಿ ಸೆಗಾ ಕಂಪನಿಯ ಮೆಗಾ ಡ್ರೈವ್ ಯಂತ್ರಕ್ಕೂ ಬಂತು. ಮೆಗಾ ಡ್ರೈವ್ ಯಂತ್ರದ ಮೊದಲಿನ ಹಿಡಿಕೆಗೆ ಹೊಡೆತಕ್ಕೆ ಒದಗುವ ಗುಂಡಿಗಳು ಮೂರೇ. ಆರು ಗುಂಡಿಗಳ ಆಟವನ್ನು ಮೂರರಲ್ಲಿ ಆಡುವುದು ಹೇಗೆ? 'ಸ್ಟಾರ್ಟ್' ಗುಂಡಿ ಒತ್ತಿದರೆ ಗುದ್ದುಗಳೆಲ್ಲ ಒದೆತಗಳಾಗುತ್ತಿದ್ದವು, ಮತ್ತೊಮ್ಮೆ ಒತ್ತಿದರೆ ಒದೆತಗಳು ಗುದ್ದುಗಳಾಗುತ್ತಿದ್ದವು. ಎದುರಾಳಿ ಮೈಮೇಲೆ ಬೀಳುತ್ತಿರುವಾಗ ಈ ಲೆಕ್ಕಾಚಾರ! ಕೊನೆಗೆ ಸೆಗಾ ಕಂಪನಿ ಆರು ಗುಂಡಿಗಳ ಹಿಡಿಕೆಯನ್ನೇ ಬೇರೆಯಾಗಿ ತಯಾರಿಸಿ ಮಾರಿತು.

ನಮ್ಮ ಊರುಗಳ ಮನೆಗಳಿಗೆ ಬಂದದ್ದು ಆ ದುಬಾರಿ ಯಂತ್ರಗಳಲ್ಲ. ನಿಂಟೆಂಡೊದವರ 1983ರ 8 ಬಿಟ್ ಯಂತ್ರದ ಅಗ್ಗದ ನಕಲುಗಳು ಬಂದವು. ಅವುಗಳ ಕ್ಯಾಸೆಟ್ಟುಗಳ ಮೇಲೆ ಸ್ಟ್ರೀಟ್ ಫೈಟರ್ ಎಂದು ಬರೆದಿರುತ್ತಿತ್ತು, ಚಿತ್ರವೂ ಅದೇ. ಒಳಗಿದ್ದದ್ದು ಎರಡೇ ಗುಂಡಿಗಳ ಬಡ ನಕಲು. ಅಂಗಡಿಯಲ್ಲಿ ಒಂದು ರೂಪಾಯಿಗೆ ಅಸಲು ಆಡಿದವನು ಮನೆಯಲ್ಲಿ ಸಾವಿರಾರು ರೂಪಾಯಿ ಕೊಟ್ಟು ನಕಲು ಆಡುವ ಪರಿಸ್ಥಿತಿ.

ಅನಂತರ ಬಂದದ್ದು 'ಟೆಕ್ಕನ್ 3'. ನಾಮ್ಕೊ ಕಂಪನಿಯ ಈ ಆಟ ಅಂಗಡಿ ಪೆಟ್ಟಿಗೆಗೆ 1997ರಲ್ಲಿ, ಪ್ಲೇಸ್ಟೇಷನ್ನಿಗೆ 1998ರಲ್ಲಿ ಬಂತು. ಅದರಲ್ಲಿ ನಾಲ್ಕೇ ಗುಂಡಿಗಳು. ಎಡಗೈ, ಬಲಗೈ, ಎಡಗಾಲು, ಬಲಗಾಲಿಗೆ ಒಂದೊಂದು. ಮೇಷ್ಟ್ರ ಕಣ್ಣಿನಿಂದ ನೋಡಿದರೆ ಬಹಳ ಚೊಕ್ಕವಾದ ವಿನ್ಯಾಸ. ಪ್ಲೇಸ್ಟೇಷನ್ ನಮ್ಮೂರಲ್ಲಿ ಎಷ್ಟು ಮನೆಗಳಲ್ಲಿತ್ತು? ಬೆರಳೆಣಿಕೆಯಷ್ಟೂ ಇರಲಿಲ್ಲ. ಆದರೆ 2000ದ ನಂತರ ಸೈಬರ್ ಕೆಫೆಗಳು ಬಂದವು. ಪ್ಲೇಸ್ಟೇಷನ್ನನ್ನು ಅನುಕರಿಸುವ ತಂತ್ರಾಂಶವನ್ನು ಕಂಪ್ಯೂಟರಿಗೆ ಹಾಕಿ, ಹುಡುಗರು ಒಂದೇ ಕೀಬೋರ್ಡಿನ ಮೇಲೆ ಎಡಕ್ಕೊಬ್ಬ ಬಲಕ್ಕೊಬ್ಬ ಕುಳಿತು ಟೆಕ್ಕನ್ ಆಡುತ್ತಿದ್ದರು. ಆ ಕಾಲದ ಅಗ್ಗದ ಕೀಬೋರ್ಡುಗಳಿಗೆ ಒಂದು ದೋಷವಿತ್ತು. ಏಕಕಾಲಕ್ಕೆ ಹಲವು ಕೀಲಿಗಳನ್ನು ಒತ್ತಿದರೆ ಅವುಗಳಲ್ಲಿ ಕೆಲವು ದಾಖಲಾಗುತ್ತಲೇ ಇರಲಿಲ್ಲ. ಇವನು ಮೂರು ಕೀಲಿ ಅದುಮಿ ಹಿಡಿದರೆ ಅವನ ಒದೆತ ಮಾಯ! ಜಗಳಕ್ಕೆ ಇಷ್ಟು ಸಾಕಲ್ಲವೆ? ಆ ವೇಳೆಗೆ ನಾನು ಹೆಡ್‌ಮಾಸ್ತರರ ಪರವಾಗಿ ಎಷ್ಟೋ ಇಂಥ ಜಗಳಗಳ ಪಂಚಾಯಿತಿ ಮಾಡಿದ್ದೇನೆ. ತಪ್ಪು ಕೀಬೋರ್ಡಿನದೆಂದು ನನಗೆ ಗೊತ್ತಾದದ್ದು ಈಚೆಗೆ.

ಇದೆಲ್ಲವನ್ನೂ ಸಾಲಾಗಿ ಇಟ್ಟು ನೋಡಿದಾಗ ಒಂದು ಸಂಗತಿ ನನಗೆ ಸ್ಪಷ್ಟವಾಯಿತು. ಆ ಕತ್ತಲೆಯ ಅಂಗಡಿಯಲ್ಲಿ ಇಬ್ಬರಿಗೂ ಒಂದೇ ಪೆಟ್ಟಿಗೆ, ಒಂದೇ ರೀತಿಯ ಹಿಡಿ, ಒಂದೇ ರೂಪಾಯಿ. ಗೆದ್ದವನು ನಿಲ್ಲುತ್ತಾನೆ, ಸೋತವನು ಸರಿಯುತ್ತಾನೆ. ಗೂಡಿನ ವ್ಯಾಪಾರಿಯ ಮಗನೂ ನೂಲು ಬಿಚ್ಚುವವನ ಮಗನೂ ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತಿದ್ದರು. ಹಳೆಯ ಮೈಸೂರು ಸೀಮೆಯ ಗರಡಿಮನೆಯ ನಿಯಮವೂ ಇದೇ ಅಲ್ಲವೆ? ಮಟ್ಟಿಗೆ ಇಳಿದ ಮೇಲೆ ಯಾರ ಮಗನೆಂದು ಕೆಂಪುಮಣ್ಣು ಕೇಳುವುದಿಲ್ಲ. ಪಟ್ಟು ಕಲಿತವನು ಗೆಲ್ಲುತ್ತಾನೆ, ಸೋತವನು ಮಣ್ಣು ಕೊಡವಿಕೊಂಡು ಪಟ್ಟು ಕಲಿಯುತ್ತಾನೆ. ಆಟ ಮನೆಗೆ ಬಂದಾಗ ಈ ಸಮಾನತೆ ಮುರಿಯಿತು. ಯಾರ ಅಪ್ಪ ಯಾವ ಯಂತ್ರ ಕೊಳ್ಳಬಲ್ಲನೋ ಅದರ ಮೇಲೆ ಎದುರಾಳಿಗಳು ನಿರ್ಧಾರವಾಗತೊಡಗಿದರು. ಆಟ ಒಂದೇ ಆದರೂ ಈ ಕಂಪನಿಯ ಯಂತ್ರದವರು ಆ ಕಂಪನಿಯ ಯಂತ್ರದವರನ್ನು ಎದುರಿಸುವಂತಿರಲಿಲ್ಲ.

ಆದ್ದರಿಂದಲೇ ಮೊಮ್ಮಗನ 'ಕ್ರಾಸ್‌ಪ್ಲೇ' ನನಗೆ ಬಹಳ ಒಳ್ಳೆಯ ಸುದ್ದಿಯಾಗಿ ತೋರಿತು. 2016ರ 'ಸ್ಟ್ರೀಟ್ ಫೈಟರ್ 5' ಆಟದಲ್ಲಿ ಪ್ಲೇಸ್ಟೇಷನ್ 4 ಇದ್ದವರೂ ಕಂಪ್ಯೂಟರ್ ಇದ್ದವರೂ ಪರಸ್ಪರ ಆಡಬಹುದಾಯಿತು. 2023ರ 'ಸ್ಟ್ರೀಟ್ ಫೈಟರ್ 6', 2024ರ 'ಟೆಕ್ಕನ್ 8' ಬಂದಾಗ ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ ಕೂಡ ಅದೇ ಕಣಕ್ಕೆ ಸೇರಿತು. ಒಡೆದಿದ್ದ ಅಖಾಡ ಮತ್ತೆ ಒಂದಾಯಿತು.

ಇಲ್ಲಿ ವಿಜ್ಞಾನದ ಮೇಷ್ಟ್ರಿಗೆ ಕುತೂಹಲ ತರುವ ಸಂಗತಿಯೊಂದಿದೆ. ಈ ಆಟಗಳು ಸೆಕೆಂಡಿಗೆ 60 ಚಿತ್ರಗಳ ವೇಗದಲ್ಲಿ ಓಡುತ್ತವೆ. ಅಂದರೆ ಒಂದು ಚಿತ್ರಕ್ಕೆ ಸುಮಾರು 16.7 ಮಿಲಿಸೆಕೆಂಡು. ಹೊಡೆತ ತಗಲಿತೋ ತಪ್ಪಿತೋ ಎಂಬುದು ಒಂದೆರಡು ಚಿತ್ರಗಳ ಅಂತರದಲ್ಲಿ ತೀರ್ಮಾನವಾಗುತ್ತದೆ. ಗಾಜಿನ ಎಳೆಯೊಳಗೆ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು. ಮೈಸೂರಿನಿಂದ ಚಿಕ್ಕಬಳ್ಳಾಪುರಕ್ಕೆ ಒಂದೇ ಮಿಲಿಸೆಕೆಂಡು ಸಾಕು. ಆದರೆ ಬೆಂಗಳೂರಿನಿಂದ ಟೋಕಿಯೋ ಸುಮಾರು 6,700 ಕಿಲೋಮೀಟರು. ಕೇಬಲ್ಲು ನೇರವಾಗಿ ಎಳೆದಿದ್ದರೂ ಹೋಗುವುದಕ್ಕೇ 33 ಮಿಲಿಸೆಕೆಂಡು ಬೇಕು. ಅಂದರೆ ಎರಡು ಚಿತ್ರಗಳು ಆಗಲೇ ಕಳೆದುಹೋದವು. ನಡುವಿನ ಉಪಕರಣಗಳೂ ಮನೆಯ ವೈ-ಫೈಯೂ ಸೇರಿಸುವ ವಿಳಂಬ ಬೇರೆ.

ಇದಕ್ಕೆ ಟೋನಿ ಕ್ಯಾನನ್ ಎಂಬ ಅಮೆರಿಕದ ಆಟಗಾರ-ತಂತ್ರಜ್ಞ 2000ದ ದಶಕದಲ್ಲಿ ಜಿ.ಜಿ.ಪಿ.ಓ. ಎಂಬ ತಂತ್ರಾಂಶದ ಮೂಲಕ ಒಂದು ಪರಿಹಾರವನ್ನು ಪ್ರಚಾರಕ್ಕೆ ತಂದ. ಎದುರಾಳಿ ಒತ್ತಿದ್ದು ಏನೆಂದು ತಿಳಿಯುವವರೆಗೆ ಕಾಯುವ ಬದಲು, ಅವನು ಹಿಂದಿನ ಕ್ಷಣ ಒತ್ತಿದ್ದನ್ನೇ ಈಗಲೂ ಒತ್ತಿರುವನೆಂದು ಯಂತ್ರ ಊಹಿಸಿ ಆಟ ಮುಂದುವರಿಸುತ್ತದೆ. ನಿಜವಾದ ಸುದ್ದಿ ಬಂದಾಗ ಊಹೆ ತಪ್ಪಾಗಿದ್ದರೆ, ಕೆಲವು ಚಿತ್ರಗಳಷ್ಟು ಹಿಂದಕ್ಕೆ ಹೋಗಿ ಸರಿಪಡಿಸಿಕೊಂಡು ಕಣ್ಣುಮಿಟುಕಿಸುವುದರೊಳಗೆ ಮತ್ತೆ ಈ ಕ್ಷಣಕ್ಕೆ ಬರುತ್ತದೆ. ಇದಕ್ಕೆ 'ರೋಲ್‌ಬ್ಯಾಕ್' ಎಂದು ಹೆಸರು. ನಾವು ಮೇಷ್ಟ್ರುಗಳು ಅವಸರದಲ್ಲಿ ನಿನ್ನೆ ಬಂದವರೆಲ್ಲ ಇಂದೂ ಬಂದಿರುತ್ತಾರೆಂದು ಪೆನ್ಸಿಲಿನಲ್ಲಿ ಹಾಜರಿ ಗುರುತು ಮಾಡಿ, ಬಾರದವರ ಗುರುತನ್ನು ಆಮೇಲೆ ಅಳಿಸುತ್ತಿದ್ದೆವಲ್ಲ, ಅದೇ ಉಪಾಯ. ಊಹೆ ತಪ್ಪಿದಾಗ ಹಿಂದಕ್ಕೆ ಹೋಗಿ ತಿದ್ದಿಕೊಳ್ಳುವ ಈ ಗುಣ ಯಂತ್ರಕ್ಕೆ ಬಂದಿದೆ. ನನಗೆ ಬರಲು ಮೂವತ್ತು ವರ್ಷ ಬೇಕಾಯಿತು.

ಅದು ಹೇಗೆಂದು ಹೇಳುತ್ತೇನೆ. 2023ರ ಸೆಪ್ಟೆಂಬರಿನಲ್ಲಿ ಚೀನಾದ ಹಾಂಗ್‌ಝೌ ನಗರದಲ್ಲಿ ಏಷ್ಯನ್ ಕ್ರೀಡಾಕೂಟ ನಡೆಯಿತು. ಅದರಲ್ಲಿ ಇ-ಸ್ಪೋರ್ಟ್ಸ್ ಮೊದಲ ಬಾರಿಗೆ ಪದಕದ ಸ್ಪರ್ಧೆಯಾಗಿತ್ತು. 'ಸ್ಟ್ರೀಟ್ ಫೈಟರ್ 5' ಸಹ ಇತ್ತು. ಭಾರತದಿಂದ ಮಯಾಂಕ್ ಪ್ರಜಾಪತಿ, ಅಯಾನ್ ಬಿಸ್ವಾಸ್ ಎಂಬ ಇಬ್ಬರು ಆಡಿದರು, ಪದಕ ಬರಲಿಲ್ಲ. ಚಿನ್ನ ಗೆದ್ದವನು ದಕ್ಷಿಣ ಕೊರಿಯಾದ ಕಿಮ್ ಗ್ವಾನ್-ವೂ. ಪತ್ರಿಕೆಯಲ್ಲಿ ಅವನ ವಯಸ್ಸು ಓದಿ ಬೆಚ್ಚಿದೆ: 44. ನಾನು ಗಣಿತದ ಮೇಷ್ಟ್ರು, ಕೈ ತಾನಾಗಿ ಲೆಕ್ಕ ಹಾಕಿತು. 1994-95ರಲ್ಲಿ ಇವನು ಹದಿನೈದರ ಹುಡುಗ. ನಾನು ಕಿವಿ ಹಿಡಿದೆಳೆದ ಹುಡುಗನ ಓರಗೆಯವನು.

ಕೊರಿಯಾ ದೂರದ ದೇಶ, ಅಲ್ಲಿ ಎಲ್ಲ ಅನುಕೂಲಗಳಿವೆ ಎನ್ನಬಹುದು. ಹಾಗಾದರೆ ಲಾಹೋರನ್ನು ನೋಡಿ. ಅಲ್ಲಿನ ಆಟದ ಅಂಗಡಿಗಳಲ್ಲಿ ಪಳಗಿದ ಅರ್ಸಲಾನ್ ಆ್ಯಶ್ ಎಂಬ ತರುಣ, ಹೊರಜಗತ್ತಿನ ಆಟಗಾರರಿಗೆ ಪರಿಚಯವೇ ಇಲ್ಲದಿದ್ದಾಗ, ವೀಸಾ ಮತ್ತು ಪ್ರಯಾಣದ ತೊಡಕುಗಳನ್ನು ದಾಟಿಕೊಂಡು ಹೋಗಿ, 2019ರಲ್ಲಿ ಜಪಾನಿನ ಇವೋ ಪಂದ್ಯಾವಳಿಯನ್ನೂ ಅದೇ ವರ್ಷ ಅಮೆರಿಕದ ಇವೋ ಪಂದ್ಯಾವಳಿಯನ್ನೂ 'ಟೆಕ್ಕನ್ 7' ಆಟದಲ್ಲಿ ಗೆದ್ದ. ಈ ಆಟಕ್ಕೆ ಅದಕ್ಕಿಂತ ದೊಡ್ಡ ಗೌರವವಿಲ್ಲ. ಅವನನ್ನು ತಯಾರು ಮಾಡಿದ್ದು ದೊಡ್ಡ ತರಬೇತಿ ಕೇಂದ್ರವಲ್ಲ. ಪಕ್ಕಪಕ್ಕದಲ್ಲಿ ಕುಳಿತು, ಸೋತು, ಮತ್ತೆ ಸರದಿಗೆ ನಿಲ್ಲುವ ಅಂಗಡಿಗಳು. ನಮ್ಮ ಬಸ್ ನಿಲ್ದಾಣದ ಅಂಗಡಿಗಿಂತ ಅವು ತೀರ ಬೇರೆಯೇನೂ ಅಲ್ಲ.

ಇಷ್ಟಾದ ಮೇಲೆ ಸುಮ್ಮನಿರಲಾಗಲಿಲ್ಲ. ಹಳೆಯ ವಿದ್ಯಾರ್ಥಿಗಳನ್ನು ವಿಚಾರಿಸಿ ಆ ಹುಡುಗನನ್ನು ಹುಡುಕಿದೆ. ಹುಡುಗನೆಂದರೆ ಈಗ ತಲೆ ನರೆತಿದೆ. ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು, ಕೂದಲೆಳೆಯಷ್ಟು ಸಣ್ಣ ತಂತಿಗೆ ಬೆಸುಗೆ ಹಾಕುತ್ತಿದ್ದ. ನನ್ನನ್ನು ನೋಡಿದ್ದೇ ಎದ್ದುನಿಂತು "ಬನ್ನಿ ಸಾರ್" ಎಂದು ಸ್ಟೂಲನ್ನು ಒರೆಸಿಕೊಟ್ಟ. ಟೀ ಬಂತು. ಹೇಗೆ ಆರಂಭಿಸುವುದೋ ತಿಳಿಯದೆ ನೇರವಾಗಿ ಕೇಳಿದೆ, "ಆವತ್ತು ಅಂಗಡಿಯಿಂದ ಎಳೆದುಕೊಂಡು ಬಂದೆನಲ್ಲಪ್ಪ, ಅದಕ್ಕೇ ಶಾಲೆ ಬಿಟ್ಟೆಯಾ?"

ಅವನು ನಕ್ಕುಬಿಟ್ಟ. "ಅಯ್ಯೋ, ಅದಕ್ಕಲ್ಲ ಸಾರ್. ಅದೇ ತಿಂಗಳು ಅಪ್ಪನ ಕೈ ಮೇಲೆ ಗೂಡು ಬೇಯಿಸೋ ನೀರು ಚೆಲ್ಲಿ ಸುಟ್ಟುಹೋಯ್ತು. ಚರಕಕ್ಕೆ ಜನ ಬೇಕಿತ್ತು. ಕೂತೆ. ಆಮೇಲೆ ಏಳಕ್ಕೆ ಆಗಲಿಲ್ಲ."

ನಾನು ಮಾತಾಡಲಿಲ್ಲ. ಅವನೇ ಮುಂದುವರಿಸಿದ. "ಕಿವಿ ಹಿಂಡಿದ್ದಕ್ಕೆ ಬೇಜಾರಿಲ್ಲ ಸಾರ್. ಆದ್ರೆ ಅದು ಕೊನೇ ರೌಂಡು. ನಾನು ಬಿಟ್ಟು ಬಂದ್ನಲ್ಲ, ಅವನು ಗೆದ್ದ ಅಂತ ಪೆಟ್ಟಿಗೆ ತೋರಿಸ್ತು. ತಾನೇ ಗೆದ್ದೆ ಅಂತ ಅವನು ಊರೆಲ್ಲಾ ಹೇಳ್ಕೊಂಡು ಬಂದ. ಅದೊಂದು ಬೇಜಾರು."

ಒಬ್ಬ ಹುಡುಗನ ಮನೆಯಲ್ಲಿ ಏನಾಯಿತೆಂದು ನಾಲ್ಕು ಹೆಜ್ಜೆ ನಡೆದು ಹೋಗಿ ವಿಚಾರಿಸದ ಮೇಷ್ಟ್ರು, ಹತ್ತು ವರ್ಷ ಅವನನ್ನು ಚಟಕ್ಕೆ ಬಲಿಯಾದವನ ಮಾದರಿಯಾಗಿ ಸಾವಿರಾರು ಮಕ್ಕಳಿಗೆ ತೋರಿಸಿದ. ಅವನನ್ನು ಶಾಲೆಯಿಂದ ಕಿತ್ತದ್ದು ಬಡತನ ಮತ್ತು ಬಿಸಿನೀರು. ನಾನು ಅಪರಾಧಿಯನ್ನಾಗಿ ಮಾಡಿದ್ದು ಒಂದು ರೂಪಾಯಿಯ ಆಟವನ್ನು. ಆ ಹಿತವಚನ ಕೇಳಿದ ಯಾರಾದರೂ ಇದನ್ನು ಓದುತ್ತಿದ್ದರೆ, ಅದು ಸುಳ್ಳಾಗಿತ್ತೆಂದು ದಯವಿಟ್ಟು ತಿದ್ದಿಕೊಳ್ಳಿ.

ಹಾಗಾದರೆ ಈ ಆಟಗಳಲ್ಲಿ ಕೇಡೇ ಇಲ್ಲವೆ? ಇದೆ. ಹಿಂಸೆಯ ಮಾತು ಮೊದಲು. 1992ರ 'ಮಾರ್ಟಲ್ ಕಾಂಬ್ಯಾಟ್' ಆಟದಲ್ಲಿ ರಕ್ತ ಚಿಮ್ಮುತ್ತಿತ್ತು. ಮರುವರ್ಷ ಅದು ಮನೆಯ ಯಂತ್ರಗಳಿಗೆ ಬಂದಾಗ ನಿಂಟೆಂಡೊ ರಕ್ತವನ್ನು ಬೂದುಬಣ್ಣದ ಬೆವರನ್ನಾಗಿ ಮಾಡಿಸಿತು. ಸೆಗಾ ಯಂತ್ರದಲ್ಲಿ ಒಂದು ಗುಪ್ತ ಸಂಕೇತ ಒತ್ತಿದರೆ ರಕ್ತ ಬರುತ್ತಿತ್ತು. ಅದೇ ಡಿಸೆಂಬರಿನಲ್ಲಿ ಅಮೆರಿಕದ ಸೆನೆಟ್ಟಿನಲ್ಲಿ ವಿಚಾರಣೆ ನಡೆದು, 1994ರಲ್ಲಿ ಆಟಗಳಿಗೆ ವಯಸ್ಸಿನ ಗುರುತು ಹಾಕುವ ಪದ್ಧತಿ ಬಂತು. ಅದು ಸರಿಯಾದ ಪದ್ಧತಿ. ಹಿರಿಯರು ಆ ಗುರುತನ್ನು ನೋಡಬೇಕು. ಆದರೆ ಕಾಳಗವೆಂದ ಮಾತ್ರಕ್ಕೆ ಕೇಡೆನ್ನಲು ನನಗೆ ಬಾಯಿ ಬರುವುದಿಲ್ಲ. ಚಿಂತಾಮಣಿ ತಾಲ್ಲೂಕಿನ ಕೈವಾರವೇ ಏಕಚಕ್ರಪುರ, ಭೀಮ ಬಕಾಸುರನನ್ನು ಕೊಂದದ್ದು ಅಲ್ಲೇ ಎಂದು ಸ್ಥಳಪುರಾಣ. ಆ ಬೆಟ್ಟ ತೋರಿಸಿ ಆ ಕಥೆ ಹೇಳದೆ ಯಾವ ಮೇಷ್ಟ್ರು ಮಕ್ಕಳನ್ನು ಅಲ್ಲಿಗೆ ಪ್ರವಾಸ ಕರೆದುಕೊಂಡು ಹೋಗಿದ್ದಾರೆ?

ಚಟದ ಮಾತು ಎರಡನೆಯದು. ಇಲ್ಲಿ ಹಿರಿಯರು ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬುತ್ತಾರೆ. ಹಣ ಕಟ್ಟಿ ಆಡುವ ರಮ್ಮಿಯೂ ಒಂದೇ, ಮುಗಿಯುವುದೇ ಇಲ್ಲದೆ ಹಣ ಕೀಳುವ ಮೊಬೈಲ್ ಆಟವೂ ಒಂದೇ, ಕಾಳಗದ ಆಟವೂ ಒಂದೇ. ಕಾಳಗದ ಆಟಕ್ಕೆ ಆದಿ ಅಂತ್ಯಗಳಿವೆ. ಒಂದು ಸುತ್ತಿಗೆ 99ರಿಂದ ಇಳಿಯೆಣಿಕೆ, ಮೂರರಲ್ಲಿ ಎರಡು ಗೆದ್ದವನು ಗೆದ್ದ. ಸೋತವನಿಗೆ ನೆಪ ಹೇಳಲು ತಂಡದ ಗೆಳೆಯರಿಲ್ಲ, ಅದೃಷ್ಟವನ್ನು ಬೈಯಲು ಇಸ್ಪೀಟಿನ ಎಲೆಯಿಲ್ಲ. ಏಕೆ ಸೋತೆನೆಂದು ತನ್ನನ್ನೇ ಕೇಳಿಕೊಳ್ಳಬೇಕು. ಪರೀಕ್ಷೆಯಲ್ಲಿ ನಪಾಸಾದ ಮಕ್ಕಳಿಗೆ ನಾವು ಕಲಿಸಲಾಗದ ಪಾಠ ಇದು. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಇ-ಸ್ಪೋರ್ಟ್ಸನ್ನು ಕ್ರೀಡಾ ಸಚಿವಾಲಯದ ವ್ಯಾಪ್ತಿಗೆ ತಂದಿತು. 2025ರ ಆಗಸ್ಟಿನಲ್ಲಿ ಬಂದ ಕಾನೂನು ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇ‌ಧಿಸಿ, ಇ-ಸ್ಪೋರ್ಟ್ಸನ್ನು ಬೇರೆಯಾಗಿ ಗುರುತಿಸಿತು. ಕಾನೂನು ಮಾಡಿದ ಈ ವಿಂಗಡಣೆಯನ್ನು ನಾವು ಮನೆಯಲ್ಲಿಯೂ ಮಾಡಿಕೊಂಡರೆ ಅರ್ಧ ಜಗಳ ಮುಗಿಯುತ್ತದೆ.

ನನ್ನ ತಕರಾರು ಬೇರೆ ಕಡೆ ಇದೆ. ಕ್ರಾಸ್‌ಪ್ಲೇ ಅಖಾಡವನ್ನು ಒಂದುಗೂಡಿಸಿತು ಎಂದೆ. ಯಾರನ್ನು ಒಂದುಗೂಡಿಸಿತು? ಪ್ಲೇಸ್ಟೇಷನ್ 5 ನಮ್ಮ ದೇಶದಲ್ಲಿ 2021ರ ಫೆಬ್ರುವರಿಯಲ್ಲಿ ಬಿಡುಗಡೆಯಾದಾಗ ಅದರ ಬೆಲೆ 49,990 ರೂಪಾಯಿ. ಇಂಥ ಆಟ ಓಡಿಸಬಲ್ಲ ಲ್ಯಾಪ್‌ಟಾಪಿನ ಬೆಲೆ ಅದಕ್ಕಿಂತ ಕಡಿಮೆಯಲ್ಲ. ಮೈಸೂರಿನ ಮೊಮ್ಮಗನೂ ಬೆಂಗಳೂರಿನ ಮೊಮ್ಮಗನೂ ಭೇಟಿಯಾದರು, ಸಂತೋಷ. ಇಬ್ಬರ ಅಪ್ಪಂದಿರೂ ಸಂಬಳದಾರರು. ಚರಕದ ಮುಂದೆ ಕುಳಿತ ಹುಡುಗನ ಕೈಯಲ್ಲಿರುವುದು ಅಪ್ಪನ ಮೊಬೈಲು. ಅದರ ಗಾಜಿನ ಮೇಲೆ ಬೆರಳಿಗೆ ಹಿಡಿಯೂ ಇಲ್ಲ, ಗುಂಡಿಯೂ ಇಲ್ಲ, ಆ ದೊಡ್ಡ ಅಖಾಡಕ್ಕೆ ಬಾಗಿಲೂ ಇಲ್ಲ. ಒಂದು ರೂಪಾಯಿ ಇದ್ದವನಿಗೆಲ್ಲ ತೆರೆದಿದ್ದ ಗರಡಿಯನ್ನು ನಾವು ಮುಚ್ಚಿಸಿದೆವು. ಅದರ ಬದಲಿಗೆ ಬಂದ ಗರಡಿಗೆ ಪ್ರವೇಶಧನ ಅರ್ಧ ಲಕ್ಷ.

ಆದ್ದರಿಂದ ನನ್ನದೊಂದು ಸಲಹೆ. ನಗುವವರು ನಗಲಿ. ನಮ್ಮ ಪ್ರತಿ ತಾಲ್ಲೂಕು ಕೇಂದ್ರದ ಸಾರ್ವಜನಿಕ ಗ್ರಂಥಾಲಯದಲ್ಲಿ, ಆಮೇಲೆ ಸಾಧ್ಯವಾದರೆ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಗಳಲ್ಲಿ, ಒಂದು ಯಂತ್ರ, ಒಂದು ಟೀವಿ, ಒಂದೇ ಬಗೆಯ ಎರಡು ಹಿಡಿಕೆ, ಎರಡು ಕುರ್ಚಿ ಇಡಲಿ. ವಾರಕ್ಕೊಂದು ಸಂಜೆ, ಶಾಲೆ ಬಿಟ್ಟ ಮೇಲೆ, ಮೇಲ್ವಿಚಾರಕರ ಕಣ್ಣೆದುರು, ವಯಸ್ಸಿಗೆ ತಕ್ಕ ಆಟ. ಹಣದ ಸೋಂಕು ಬೇಡ. ಗೆದ್ದವನು ನಿಲ್ಲಲಿ, ಸೋತವನು ಸರದಿಗೆ ಹೋಗಲಿ. ಕಬಡ್ಡಿ, ಕೊಕ್ಕೋ ಬಿಡಿ ಎಂದು ಯಾರಿಗೂ ಹೇಳುತ್ತಿಲ್ಲ. ಅವುಗಳ ಪಕ್ಕದಲ್ಲಿ ಇದಕ್ಕೂ ಒಂದು ಮೂಲೆ ಕೊಡಿ. ಪರದೆಯಿಲ್ಲದ ಕೋಣೆಯಲ್ಲಿ, ಬೆಳಕಿನಲ್ಲಿ ಕೊಡಿ. ಆ ಅಂಗಡಿಗಳ ಬಗ್ಗೆ ನಮಗಿದ್ದ ನಿಜವಾದ ಭಯ ಕತ್ತಲೆಯದು, ಆಟದ್ದಲ್ಲ.

ಮೊಮ್ಮಗ ಬೆಂಗಳೂರಿಗೆ ಹೊರಡುವ ಹಿಂದಿನ ದಿನ ಅವನನ್ನೂ ಅವನ ಲ್ಯಾಪ್‌ಟಾಪನ್ನೂ ಎರಡು ಕಂಟ್ರೋಲರುಗಳನ್ನೂ ಕಟ್ಟಿಕೊಂಡು ಆ ರಿಪೇರಿ ಅಂಗಡಿಗೆ ಹೋದೆ. ನನ್ನ ಹಳೆಯ ವಿದ್ಯಾರ್ಥಿ ಕಂಟ್ರೋಲರನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ನಮ್ಮ ಹಿಡಿ ಥರ ಇಲ್ವಲ್ಲ ಸಾರ್" ಎಂದ. ಮೊದಲ ಎರಡು ಆಟ ಮೊಮ್ಮಗ ಗೆದ್ದ. ಆಮೇಲೆ ಆ ಬೆರಳುಗಳಿಗೆ ಏನು ನೆನಪಾಯಿತೋ ತಿಳಿಯದು, ಸತತವಾಗಿ ನಾಲ್ಕು ಆಟ ಅವನೇ ಗೆದ್ದ. ಮೊಮ್ಮಗ ಕಣ್ಣರಳಿಸಿ "ಅಂಕಲ್, ಅದು ಹೇಗೆ ಮಾಡಿದ್ರಿ, ತೋರಿಸಿ" ಎಂದು ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡ. ಹೊತ್ತಾಗಿತ್ತು, ಮನೆಯಲ್ಲಿ ಊಟಕ್ಕೆ ಕಾಯುತ್ತಿದ್ದರು. ಏಳಿಸಬೇಕೆಂದು ಕೈ ಚಾಚಿದವನು ಹಿಂದಕ್ಕೆ ತೆಗೆದುಕೊಂಡೆ. ಕೊನೆಯ ಸುತ್ತು ಮುಗಿಯಲಿ ಎಂದು ಕಾದು ಕುಳಿತೆ.